ಮೈಕಿಲ್ಲದ ಬೆಳಗು

ಹಾಡುವವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಿಟಾರಿನ ತಂತಿಗಳ ಮೇಲೆ ಅವನ ಬೆರಳು ಓಡುತ್ತಿದ್ದವು. ಚನ್ನಯ್ಯನಿಗೆ ಕೇಳುತ್ತಿದ್ದದ್ದು ಮಾತ್ರ ಕಡಲು. ಅದೂ ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಝಾಡಿಸುತ್ತಿರುವ ಹಾಗೆ. ಅವನು ತಲೆ ಅಲ್ಲಾಡಿಸಿದ. ಇವತ್ತು ಬೆಳಗ್ಗೆಯೇ ಅವನು ಒಂದು ಉಪಾಯ ಕಂಡುಕೊಂಡಿದ್ದ. ಎರಡು ಸಾಲು ಮುಂದೆ ಕೂತ, ಬಿಳಿಜಡೆಯ ಹೆಂಗಸಿನ ತಲೆಯ ಮೇಲೆ ಕಣ್ಣಿಟ್ಟಿದ್ದ. ಆ ಜಡೆ ಅಲುಗಿದಾಗ ಇವನೂ ಅಲುಗುವುದು, ಅದು ನಿಂತಾಗ ನಿಲ್ಲುವುದು, ಅವಳು ಚಪ್ಪಾಳೆಗೆ ಕೈ ಎತ್ತಿದರೆ ಅರೆಗಳಿಗೆ ತಡೆದು ತಾನೂ ಎತ್ತುವುದು. ಹಾಗೆ ತಡೆಯುವುದರಿಂದ ರಸಿಕತನ ಹೆಚ್ಚಿದಂತೆ ಕಾಣುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಪಕ್ಕದಲ್ಲಿ ಹೆಂಡತಿ ರಾಜೇಶ್ವರಿ ಸೆರಗನ್ನು ಕಿವಿಯ ಮೇಲಿಂದ ಹೊದ್ದು, ಮೊಣಕಾಲು ತಬ್ಬಿಕೊಂಡು, ಸುಖವಾಗಿ ಕೂತಿದ್ದಳು. ಅವಳ ತಲೆಯೂ ಮೆಲ್ಲಗೆ ಅಲುಗುತ್ತಿತ್ತು. ಚಾಪೆಗಳ ಮೇಲೆ ಕೂತ ಇನ್ನೂರು ಜನರ ತಲೆಯೂ ಅಲುಗುತ್ತಿತ್ತು. ಡಿಸೆಂಬರಿನ ಬೆಳಗಿನ ಬಿಸಿಲು ಇನ್ನೂ ಗಾಳಿಮರಗಳ ತುದಿಯಲ್ಲೇ ಇತ್ತು, ಮರಳು ತಣ್ಣಗಿತ್ತು, ದೂರದಲ್ಲಿ ಎರಡು ದೋಣಿಗಳು ಅಲ್ಲೇ ನಿಂತಂತೆ ಹೋಗುತ್ತಿದ್ದವು. ಕೇಳದಿದ್ದರೂ ಇದು ಛಲೋ ಇದೆಯಲ್ಲ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಅಂಕೋಲೆಯ ಕಡಲದಂಡೆಯ ಮೇಲೆ ಎರಡು ದಿನದ ಈ ಸಂಗೀತಕ್ಕೆ ಟಿಕೇಟಿಲ್ಲ, ವೇದಿಕೆಯಿಲ್ಲ, ಮೈಕಂತೂ ಇಲ್ಲವೇ ಇಲ್ಲ. ಹಾಡುವವರು ಬರಿಗಂಟಲಲ್ಲಿ ಹಾಡಬೇಕು, ಬಂದವರು ಬಂದಲ್ಲಿ ಕೂತು ಕೇಳಬೇಕು. ಮೂವತ್ತನಾಲ್ಕು ವರ್ಷ ಹುಬ್ಬಳ್ಳಿಯ ಮದುವೆ, ಮುಂಜಿ, ಸಭೆ, ಸಮಾರಂಭಗಳಿಗೆ ಮೈಕ್ ಸೆಟ್ಟು ಹಾಕಿದವನು ಇಂಥ ಕಡೆಗೆ ಬಂದು ಕೂತದ್ದು ತಿಳಿದರೆ ದುರ್ಗದಬೈಲಿನ ಚಹಾದಂಗಡಿಯಲ್ಲಿ ನಾಲ್ಕು ದಿನ ನಗೆ ನಡೆದೀತು. ಅಯಾಜ ಒಬ್ಬ ನಗಲಾರ. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಜೊತೆಗಿರುವ ಅಯಾಜನಿಗೆ ಗೊತ್ತಿದೆ. ಹೋದ ಮಾಘದಲ್ಲಿ ಒಂದು ಮದುವೆಯ ಹಾಲಿನಲ್ಲಿ ಚನ್ನಯ್ಯ ಮೈಕ್ ಸೆಟ್ಟಿನ ಗುಂಡಿಗಳ ಮುಂದೆ ಕೂತು, ಎಲ್ಲ ಸರಿಯಾಗಿದೆಯೆಂದು ಕಾಲಮೇಲೆ ಕಾಲು ಹಾಕಿಕೊಂಡಿದ್ದ. ಎದುರಿನ ಜನವೆಲ್ಲ ಇದ್ದಕ್ಕಿದ್ದಂತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಅಕ್ಷತೆ ಹಿಡಿದ ಕೈಗಳೂ ಕಿವಿಗೆ ಹೋದವು. ಇದೇನು ಹೊಸ ಪದ್ಧತಿ ಎಂದು ಅವನು ನೋಡುತ್ತಿರುವಾಗ ಅಯಾಜ ಹಿಂದಿನಿಂದ ಓಡಿಬಂದು, ಅವನ ತೋಳಿನಡಿಯಿಂದ ಕೈ ಚಾಚಿ ಗುಂಡಿ ಇಳಿಸಿದ. ‘ಮೈಕ್ ಸೀಟಿ ಹೊಡ್ಯಾಕತ್ತಿತ್ತಣ್ಣಾ’ ಎಂದು ಬಲಗಿವಿಯ ಹತ್ತಿರ ಮೆಲ್ಲಗೆ ಹೇಳಿದ. ಆ ಮೆಲ್ಲಗಿನ ದನಿ ಸೀಟಿಗಿಂತ ಕೆಟ್ಟದಾಗಿ ಚುಚ್ಚಿತ್ತು. ಆಮೇಲೆ ಗುಂಡಿಗಳ ಮುಂದೆ ಅಯಾಜನೇ ಕೂಡುತ್ತಾನೆ, ಚನ್ನಯ್ಯ ವಾಯರು ಎಳೆಯುತ್ತಾನೆ. ಇಬ್ಬರೂ ಅದರ ಬಗ್ಗೆ ಮಾತೆತ್ತುವುದಿಲ್ಲ. ಡಾಕ್ಟರು ಮಾತ್ರ ಅದಕ್ಕೂ ಒಂದು ವರ್ಷ ಮೊದಲೇ ಹೇಳಿಯಾಗಿತ್ತು: ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿಗೆ ದಪ್ಪ ದನಿ ಬರುತ್ತದೆ, ಸಣ್ಣ ದನಿ ಬರುವುದಿಲ್ಲ, ಮಷೀನು ಹಾಕಿಸಿಕೊಳ್ಳಿ. ಆ ಕಾಗದ ಅಂಗಡಿಯ ಡ್ರಾವರಿನಲ್ಲಿ ಹಳೆಯ ವಾಯರುಗಳ ಅಡಿಯಲ್ಲಿದೆ. ಅವತ್ತು ಎಲ್ಲಿಗೆ ಹೋಗಿದ್ದಿರೆಂದು ರಾಜೇಶ್ವರಿ ಕೇಳಿದ್ದಕ್ಕೆ, ಶುಗರ್ ತೋರಿಸಲಿಕ್ಕೆ ಎಂದಿದ್ದ. ಅವಳು ಅವತ್ತಿನಿಂದಲೇ ಅವನ ಚಹಾದ ಸಕ್ಕರೆ ಬಂದ್ ಮಾಡಿದ್ದಳು. ಎರಡು ವರ್ಷ ಸಪ್ಪೆ ಚಹಾ ಕುಡಿದದ್ದು ತನಗೆ ಸಿಗಬೇಕಾದ ಶಿಕ್ಷೆಯ ಒಂದು ಪಾಲು ಎಂದು ಅವನು ತಿಳಿದಿದ್ದ.

ಶಿಕ್ಷೆಯ ಉಳಿದ ಪಾಲಿಗಾಗಿಯೇ ಅವನು ಇಲ್ಲಿಗೆ ಬಂದದ್ದು. ರಾಜೇಶ್ವರಿ ಕಲಿಸುವ ಸಾಲಿಯ ಇನ್ನೊಬ್ಬ ಟೀಚರು ಮೊಬೈಲಿಗೆ ಕಳಿಸಿದ ಆಮಂತ್ರಣವನ್ನು ಅವಳು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದ್ದಳು. ಅವನು ಬರುತ್ತಾನೆಂಬ ನಂಬಿಕೆ ಅವಳಿಗೇನೂ ಇರಲಿಲ್ಲ; ಆಸೆಗೆ ಓದಿದ್ದಳು ಅಷ್ಟೆ. ಹಾಡುವವರ ಹೆಸರುಗಳ ನಡುವೆ ‘ಮುತ್ತವ್ವ ಹುಚ್ಚಪ್ಪ, ಉಪ್ಪಿನಬೆಟಗೇರಿ, ತತ್ವಪದ’ ಎಂದು ಬಂತು. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. ಹೋಗೋಣ ಎಂದ. ರಾಜೇಶ್ವರಿ ಮೊಬೈಲು ಕೆಳಗಿಟ್ಟು ಅವನ ಮುಖ ನೋಡಿದ್ದಳು. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಯಾವುದೋ ಸಹಕಾರಿ ಸಂಘದ ಬೆಳ್ಳಿಹಬ್ಬ. ದೊಡ್ಡ ಮನುಷ್ಯರು ಬರುವುದು ತಡವಾಯಿತೆಂದು ಸಭೆ ತುಂಬಿಸಲು ಈ ಮುತ್ತವ್ವನ ಅಪ್ಪ ಹುಚ್ಚಪ್ಪನನ್ನು ಹಾಡಲು ಕೂಡಿಸಿದ್ದರು. ಏಕತಾರಿ ಹಿಡಿದ ಮುದುಕ, ಕೋರಾ ಅಂಗಿ, ಕಣ್ಣು ಮುಚ್ಚಿ ಹಾಡುತ್ತಿದ್ದ. ಹಾಡು ಏರಿದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಕಾರು ನಿಂತಿತು. ಕಾರ್ಯದರ್ಶಿ ಚನ್ನಯ್ಯನ ಕಡೆ ತಿರುಗಿ ಕುತ್ತಿಗೆಯ ಮೇಲೆ ಅಂಗೈ ಎಳೆದು ತೋರಿಸಿದ. ಚನ್ನಯ್ಯ ಗುಂಡಿ ಇಳಿಸಿದ. ಒಂದು ಬೆರಳಿನ ಕೆಲಸ. ಮುದುಕನಿಗೆ ಅದು ತಿಳಿಯಲೇ ಇಲ್ಲ; ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅವನ ಮುಂದೆಯೇ ಮಾಲೆಗಳು ಓಡಾಡಿದವು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ನಗೆಗೆ ಹುಚ್ಚಪ್ಪ ಕಣ್ಣು ತೆರೆದ. ದೊಡ್ಡ ಮನೆತನದ ಗವಾಯಿಯೊಬ್ಬರು ಅಲ್ಲಿ ಕೂತಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಚನ್ನಯ್ಯನಿಗೆ ಅವತ್ತು ಮನೆ ಮುಟ್ಟುವುದರೊಳಗೇ ಗೊತ್ತಾಗಿತ್ತು. ಚೀಟಿ ಬರೆದು ಕಳಿಸುತ್ತಿದ್ದ, ಕೈಕಟ್ಟಿ ಕಾಯುತ್ತಿದ್ದ, ಕಾರ್ಯದರ್ಶಿಗೆ ತಾಳ್ರಿ ಎನ್ನುತ್ತಿದ್ದ. ಉಪ್ಪಿನಬೆಟಗೇರಿಯ ಕೆಳಗೇರಿಯ ಮುದುಕನಾದ್ದರಿಂದ ಬೆರಳು ತಡೆಯಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದಂಥದ್ದು ಏನೂ ನಡೆದಿಲ್ಲವೆಂದು ಯಾರಾದರೂ ಅಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು.

ಗಿಟಾರಿನವನು ಎದ್ದ. ಬಿಳಿಜಡೆ ಚಪ್ಪಾಳೆ ತಟ್ಟಿತು, ಚನ್ನಯ್ಯ ಅರೆಗಳಿಗೆ ತಡೆದು ತಟ್ಟಿದ. ಗಿಟಾರಿನವನ ಜಾಗಕ್ಕೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು, ಕಡಲಿಗೆ ಬೆನ್ನು ಮಾಡಿ ಕೂತು, ಇಳಕಲ್ ಸೀರೆಯ ನೆರಿಗೆ ಸರಿಮಾಡಿ ಏಕತಾರಿ ಎತ್ತಿಕೊಂಡಳು. ಹುಚ್ಚಪ್ಪನ ಅಗಲ ಹಣೆ, ಅವನದೇ ಗದ್ದ. ಅವಳ ಎರಡೂ ಬದಿಗೆ ಊರಿನವರೇ ಇಬ್ಬರು, ಒಬ್ಬಳ ಕೈಯಲ್ಲಿ ತಾಳ, ಇನ್ನೊಬ್ಬನ ಮುಂದೆ ಡಗ್ಗ. ಮುತ್ತವ್ವ ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಏನೂ ಕೇಳಲಿಲ್ಲ. ಚನ್ನಯ್ಯ ಬಲಗಿವಿಯನ್ನು ಮುಂದೆ ಮಾಡಿದ, ಉಸಿರು ಹಿಡಿದ, ಬರಿಯ ಕಡಲು. ಆಗ ಅವನಿಗೆ ಎಲ್ಲವೂ ಬಲು ಸರಳವಾಗಿ ಕಂಡಿತು. ಅಪ್ಪನ ದನಿಯನ್ನು ತಾನು ಜನರಿಂದ ಕಿತ್ತುಕೊಂಡೆ, ಮಗಳ ದನಿಯನ್ನು ತನ್ನಿಂದ ಕಿತ್ತುಕೊಂಡಿದ್ದಾರೆ, ಲೆಕ್ಕ ಸರಿಹೋಯಿತು. ಹೀಗೆ ಅಂದುಕೊಂಡಾಗ ಎದೆಯಲ್ಲಿ ದುಃಖದ ಜೊತೆಗೆ ಒಂದು ಬಗೆಯ ಹಿತವೂ ಹರಿಯಿತು. ಇನ್ನು ಮುಚ್ಚಿಡುವುದು ಸಾಕು, ರಾಜೇಶ್ವರಿಗೆ ಈಗಲೇ ಹೇಳಿಬಿಡಬೇಕು, ಕಿವಿಯಿಂದ ಸುರುಮಾಡಿ ಹುಚ್ಚಪ್ಪನವರೆಗೆ. ಎಲ್ಲಿಂದ ಸುರುಮಾಡುವುದೆಂದು ಹೊಳೆಯದೆ ಅವನು ಅವಳ ಕಡೆ ಬಾಗಿದ.

‘ನಿನಗ ಕೇಳಸಾಕತ್ತೈತೇನು?’

ರಾಜೇಶ್ವರಿ ತಪ್ಪು ಮಾಡುವಾಗ ಸಿಕ್ಕಿಬಿದ್ದವಳ ಹಾಗೆ ಅವನನ್ನು ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ಅವನ ಬಲಗಿವಿಯ ಹತ್ತಿರ ಬಂದಳು. ‘ಇಲ್ಲರೀ. ಮುಂಜಾನಿಂದ ಒಂದು ಅಕ್ಷರ ಕೇಳಸಿಲ್ಲ. ನೀವು ತಲಿ ಹಾಕಾಕತ್ತಿದ್ರಲ್ಲ, ನಿಮಗ ಕೇಳಸಾಕತ್ತೈತಿ, ನನಗಽ ವಯಸ್ಸಾತು ಅಂತ ಮಾಡಿದ್ದೆ.’

ಇಷ್ಟು ಚೆಂದವಾಗಿ ಕೂಡಿಬಂದಿದ್ದ ಶಿಕ್ಷೆ ಒಮ್ಮೆಲೇ ಚನ್ನಯ್ಯನ ಕೈಬಿಟ್ಟುಹೋಗಿತ್ತು. ಅದರ ಜಾಗದಲ್ಲಿ ಅವನೊಳಗಿನ ಮೈಕಿನ ಕಸುಬಿನವನು ಎದ್ದು ಕೂತ. ಅವನು ಒಂದು ಚಿಟಿಕೆ ಮರಳು ತೆಗೆದು ಎದೆಯೆತ್ತರದಿಂದ ಬಿಟ್ಟ. ಮರಳು ಮುಂದಕ್ಕೆ, ಕಡಲಿನ ಕಡೆಗೆ ಹಾರಿತು. ನಿನ್ನೆ ಸಂಜೆ ಗಾಳಿ ಕಡಲಿನಿಂದ ಬರುತ್ತಿತ್ತು. ಹಾಡುವವರನ್ನು ಕಡಲಿಗೆ ಬೆನ್ನುಮಾಡಿ ಕೂಡಿಸಿದ್ದು ಸರಿಯಾಗಿತ್ತು. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಇಳಿಯುತ್ತದೆ. ಜಾಗ ಬದಲಿಸದೆ ಅಲ್ಲೇ ಕೂಡಿಸಿದ್ದಾರೆ. ಪಾಪ ಮುತ್ತವ್ವ ಹಾಡುತ್ತಿದ್ದದ್ದೆಲ್ಲ ಅವಳ ಹೆಗಲ ಮೇಲಿಂದ ಹಿಂದಕ್ಕೆ, ನೀರಿಗೆ ಹೋಗುತ್ತಿತ್ತು.

ಎದ್ದು ಹೋಗಿ ಹೇಳಬೇಕು. ಆದರೆ ಏಳುವುದೆಂದರೆ ಇನ್ನೂರು ಜನರ ನಡುವೆ ಏಳುವುದು. ಪುಕ್ಕಟೆ ಕೇಳಲು ಬಂದವನು ತಕರಾರು ತೆಗೆಯುವುದು ಶೋಭಿಸುತ್ತದೆಯೆ? ಅವನು ಎದ್ದ, ಮೊಣಕಾಲು ಹಿಡಿದು ಮತ್ತೆ ಅರ್ಧ ಕೂತ, ಯಾರದೋ ಚಪ್ಪಲಿ ತುಳಿದು, ಕೊನೆಗೆ ಬದಿಯಲ್ಲಿ ನಿಂತಿದ್ದ ಸ್ವಯಂಸೇವಕಿಯ ಹತ್ತಿರ ಹೋದ. ಕೊರಳಲ್ಲಿ ಹಳದಿ ವಸ್ತ್ರ, ಎದೆಯ ಮೇಲೆ ಆರತಿ ಎಂದು ಬರೆದ ಚೀಟಿ. ಕೇಳಿಸುತ್ತಿಲ್ಲ ಎಂದು ಅವನು ಹೇಳಿದ್ದೇ ತಡ, ಆ ಹುಡುಗಿ ಕರುಣೆಯಿಂದ ನಕ್ಕು, ಇಲ್ಲಿ ಮೈಕ್ ಹಾಕುವುದಿಲ್ಲ ಅಂಕಲ್, ಅದೇ ಇಲ್ಲಿಯ ವಿಶೇಷ, ನಿಮಗೆ ಬೇಕಾದರೆ ಮುಂದೆ ಹಿರಿಯರ ಸಾಲಿನಲ್ಲಿ ಜಾಗ ಮಾಡಿಕೊಡುತ್ತೇನೆ ಎಂದಳು. ಅವನ ಮೊಣಕೈಯನ್ನು ಹಿಡಿದೂಬಿಟ್ಟಳು. ಮೈಕಿನವನಿಗೆ ಮೈಕಿಲ್ಲದ್ದು ಹೊಂದುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಯಿತು ಎಂಬ ಹುಚ್ಚು ಯೋಚನೆ ಬಂದು ಅವನ ಕಿವಿ ಬಿಸಿಯಾದವು. ಮೈಕಲ್ಲವ್ವಾ, ಗಾಳಿ, ಎಂದ. ಕೈ ಎತ್ತಿ ಘಟ್ಟ ತೋರಿಸಿದ, ಕಡಲು ತೋರಿಸಿದ. ಅವಳು ಎರಡನ್ನೂ ಸೌಜನ್ಯದಿಂದ ನೋಡಿದಳು. ಹಿಂದಿರುಗಬೇಕೆಂದು ಅವನು ಹೆಜ್ಜೆ ತೆಗೆಯುವಷ್ಟರಲ್ಲಿ ಬಿಳಿಜಡೆಯ ಹೆಂಗಸು ಕೂತಲ್ಲಿಂದಲೇ ತಿರುಗಿ, ‘ಅವ್ರು ಹೇಳೂದು ಖರೇ ಐತ್ರಿ, ನಮಗೂ ಏನೂ ಕೇಳಸವಲ್ದು’ ಎಂದಳು. ಚನ್ನಯ್ಯ ಬಾಯಿ ತೆರೆದು ಅವಳನ್ನೇ ನೋಡಿದ. ಇಡೀ ಬೆಳಗು ಯಾರ ತಲೆಯನ್ನು ನಂಬಿ ತಾನೂ ತಲೆ ಅಲ್ಲಾಡಿಸಿದ್ದನೋ ಅವಳೂ ಇನ್ಯಾರದೋ ತಲೆ ನೋಡುತ್ತಿದ್ದಳು. ಅವಳು ಆಡಿದ ಮೇಲೆ ಅಲ್ಲಲ್ಲಿ ಒಬ್ಬೊಬ್ಬರೇ ಹೌದೌದು ಎನ್ನತೊಡಗಿದರು, ನಾಚಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ.

ಗದ್ದಲ ಕೇಳಿ ಮುತ್ತವ್ವ ಹಾಡು ನಿಲ್ಲಿಸಿದಳು. ಏನಾಗಿದೆಯೆಂದು ಆರತಿ ಓಡಿಹೋಗಿ ಹೇಳಿದಳು. ಈ ಮನೆಯವರ ಹಾಡನ್ನು ತಾನು ಎರಡನೆಯ ಸಲ ನಿಲ್ಲಿಸಿದಂತಾಯಿತಲ್ಲ ಎಂದುಕೊಂಡ ಚನ್ನಯ್ಯ. ಮುತ್ತವ್ವ ಎದ್ದು, ಏಕತಾರಿಯನ್ನು ಕೂಸಿನಂತೆ ತೋಳಿಗೆ ಹಾಕಿಕೊಂಡು, ಜನರ ನಡುವಿನಿಂದಲೇ ನಡೆದು ಬಂದಳು. ಎಲ್ಲಿ ಕೂಡಬೇಕೆಂದು ಕಣ್ಣಲ್ಲೇ ಕೇಳಿದಳು. ಅವನು ಗಾಳಿಮರಗಳ ಬುಡ ತೋರಿಸಿದ. ಬೆನ್ನಿಗೆ ಮರಗಳು, ಎದುರಿಗೆ ಕಡಲು, ಜನರೆಲ್ಲ ನಡುವೆ. ಇನ್ನೂರು ಜನ ಎದ್ದು, ಚಾಪೆ ಝಾಡಿಸಿ, ಮುಖ ತಿರುಗಿಸಿ ಕೂಡುವಷ್ಟರಲ್ಲಿ ಹಿಂದಿನವರು ಮುಂದಾದರು, ಮುಂದಿನವರು ಹಿಂದಾದರು, ಎರಡು ಕೂಸು ಅತ್ತವು, ನಗೆ ಎದ್ದಿತು. ರಾಜೇಶ್ವರಿ ಲಗುಬಗೆಯಿಂದ ಮೊದಲ ಸಾಲಿನಲ್ಲಿ ಜಾಗ ಹಿಡಿದು, ಸಾಲಿಯ ಮಕ್ಕಳನ್ನು ಕರೆಯುವಂತೆ ಅವನಿಗೆ ಕೈಬೀಸಿದಳು.

ಈಗ ಕೇಳಿತು. ಮೊದಲು ಡಗ್ಗ, ಹೊಟ್ಟೆಯಿಂದ ಬಂದಂತೆ; ಆಮೇಲೆ ಏಕತಾರಿಯ ಒಂದೇ ಗುಂಯ್ ನಾದ; ಅದರ ಮೇಲೆ ಮುತ್ತವ್ವನ ದನಿ, ಸ್ವಲ್ಪ ಒಡಕು, ದಪ್ಪ, ನೆಲ ಉತ್ತ ಮೇಲೆ ಮೇಲೆದ್ದ ಹೆಂಟೆಯಂಥದು. ಕುಂಬಾರನ ತಿಗರಿಯ ಮೇಲೆ ಕೂತ ಮಣ್ಣು, ನನ್ನನ್ನು ಏನು ಮಾಡುತ್ತೀ ಎಂದು ಅವನನ್ನು ಕೇಳುವ ಪದ. ಕುಂಬಾರ ಉತ್ತರ ಕೊಡುವುದಿಲ್ಲ, ತಿರುಗಿಸುತ್ತಾನೆ. ಮಣ್ಣು ಮತ್ತೆ ಕೇಳುತ್ತದೆ. ಪ್ರತಿ ಸಲ ಕೇಳುವಾಗಲೂ ಮುತ್ತವ್ವ ದನಿಯನ್ನು ಬೇರೆ ಕಡೆಯಿಂದ ತರುತ್ತಿದ್ದಳು, ಒಮ್ಮೆ ಹೆದರಿಕೆಯಿಂದ, ಒಮ್ಮೆ ಜಗಳದಿಂದ, ಒಮ್ಮೆ ಸುಮ್ಮನೆ ತಿಳಿಯುವ ಆಸೆಯಿಂದ. ಜನ ಅಲುಗದೆ ಕೂತರು. ಯಾರೂ ತಲೆ ಅಲ್ಲಾಡಿಸಲಿಲ್ಲ. ಚನ್ನಯ್ಯ ಮೂವತ್ತನಾಲ್ಕು ವರ್ಷ ಎಷ್ಟೋ ಹಾಡುಗಾರರನ್ನು ಕಂಡಿದ್ದ, ಆದರೆ ಆಗೆಲ್ಲ ಅವನು ಕೇಳುತ್ತಿದ್ದದ್ದು ಸ್ಪೀಕರಿನ ಪೆಟ್ಟಿಗೆಯನ್ನು: ಗುಂಯ್ ಎನ್ನುತ್ತದೆಯೆ, ಒಡೆಯುತ್ತದೆಯೆ, ಕೊನೆಯ ಸಾಲಿಗೆ ಮುಟ್ಟುತ್ತದೆಯೆ. ಈಗ ಅವನಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ಕೈಗಳು ಮಡಿಲಲ್ಲಿ ಖಾಲಿ ಬಿದ್ದಿದ್ದವು. ಬಿಸಿಲು ಮರದಿಂದ ಇಳಿದು ಮುತ್ತವ್ವನ ಹೆಗಲಿಗೆ, ಅಲ್ಲಿಂದ ತಾಳದವಳ ಕೈಗೆ ಬಂತು. ಹಿತ್ತಾಳೆಯ ಬಟ್ಟಲುಗಳು ಮಿಂಚುತ್ತ ಕೂಡಿದವು, ಅಗಲಿದವು, ಕೂಡಿದವು. ಅವು ಕೂಡಿದಾಗ ಯಾವ ಸದ್ದೂ ಆಗುತ್ತಿರಲಿಲ್ಲ. ಬಲು ಹೊತ್ತು ಅವನು ಅದನ್ನೇ ನೋಡಿದ. ಅದು ಗಾಳಿಯ ತಪ್ಪಾಗಿರಲಿಲ್ಲ.

‘ತಾಳ ನನಗ ಕೇಳಸೂದಿಲ್ಲ’ ಎಂದ, ಪದ ಮುಗಿದು ಜನ ಏಳುತ್ತಿದ್ದಾಗ. ‘ಎಡಗಿವಿ ಹೋಗೇತಿ. ಅವತ್ತ ಶುಗರ್ ಅಂತ ಹೇಳಿದ್ನೆಲ್ಲ, ಅದು ಸುಳ್ಳು.’

ರಾಜೇಶ್ವರಿ ಚಾಪೆ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಸುತ್ತಿ, ದಾರ ಕಟ್ಟಿ, ಮರಕ್ಕೆ ಆನಿಸಿದಳು. ಅವಳು ನಡೆದು ಹೋಗಿ ಇಡ್ಲಿ ಕೊಡುತ್ತಿದ್ದ ಕಡೆ ಸಾಲಿನಲ್ಲಿ ನಿಂತಳು. ಅವನೂ ಹಿಂದೆ ನಿಂತ. ಬಾಳೆಲೆಯ ತುಂಡಿನ ಮೇಲೆ ಇಡ್ಲಿ, ಕೊಬ್ಬರಿ ಚಟ್ನಿ. ಇಬ್ಬರೂ ದೋಣಿಯೊಂದರ ನೆರಳಲ್ಲಿ ಕೂತು ತಿಂದರು. ಅವನಿಗೆ ನಾಚಿಕೆಯಾಗುವಷ್ಟು ಹಸಿವಾಗಿತ್ತು. ಎರಡನೆಯ ಇಡ್ಲಿಯ ಹೊತ್ತಿಗೆ ಅವಳು ಕೇಳಿದಳು, ಎರಡು ವರ್ಷ ನಾನು ಮಾತಾಡಿದ್ದಕ್ಕೆಲ್ಲ ನೀವು ಹೂಂ ಹೂಂ ಅಂದದ್ದು ಸುಳ್ಳೇ ಎಂದು. ಅರ್ಧ ಖರೇ, ಎಂದ. ಯಾವ ಅರ್ಧ ಎಂದು ಅವಳು ಕೇಳಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟೋ ಅಳುವೋ ತಿಳಿಯಲಿಲ್ಲ. ತನ್ನ ಎಲೆಯ ಮೇಲಿನ ಮೂರನೆಯ ಇಡ್ಲಿಯನ್ನು ಎತ್ತಿ ಅವನ ಎಲೆಗೆ ಹಾಕಿದಳು.

ಆಗ ಮುತ್ತವ್ವ ಅದೇ ಕಡೆಯಿಂದ ಚಹಾದ ಲೋಟ ಹಿಡಿದು ಬರುತ್ತಿದ್ದಳು. ಚನ್ನಯ್ಯ ಎದ್ದು ನಿಂತ. ಚಟ್ನಿಯ ಕೈಯನ್ನು ಎಲ್ಲಿ ಇಡುವುದೋ ತಿಳಿಯದೆ ಬೆನ್ನ ಹಿಂದೆ ಹಿಡಿದ.

‘ಹನ್ನೊಂದು ವರ್ಷದ ಹಿಂದ ಹುಬ್ಬಳ್ಳ್ಯಾಗ ನಿಮ್ಮ ಅಪ್ಪಾರು ಹಾಡೂಮುಂದ ನಡುವ ಮೈಕ್ ಬಂದ್ ಆತು. ಬಂದ್ ಮಾಡಿದಾಂವ ನಾನು.’

ಮುತ್ತವ್ವ ಅವನನ್ನು ದಿಟ್ಟಿಸಿ ನೋಡಿದಳು. ‘ಗೊತ್ತೈತ್ರಿ. ಆಗ ಎದ್ದು ಬಂದ್ರೆಲ್ಲ, ಅಲ್ಲೇ ಗುರ್ತು ಸಿಕ್ತು.’ ಒಂದು ಗುಟುಕು ಚಹಾ ಕುಡಿದಳು. ‘ಅಪ್ಪ ಎರಡು ತಿಂಗಳು ಬೈದ. ನಿಮ್ಮನ್ನ, ನಿಮ್ಮ ಡಬ್ಬಿಗೋಳ್ನ, ಎಲ್ಲಾರ್ನೂ. ಆಮ್ಯಾಲೆ ಎಮ್ಮಿ ಈದಿತು, ಆ ಗಡಿಬಿಡ್ಯಾಗ ಮರ್ತ. ನಾ ಮರ್ತಿಲ್ರಿ. ಬಾಜೂಕ ತಾಳ ಹಿಡಕೊಂಡು ಕುಂತಾಕಿ ನಾನಽ ಇದ್ದೆ.’

ಅವನ ನೆನಪಿನಲ್ಲಿ ಮುದುಕನ ಪಕ್ಕ ಯಾರೂ ಇರಲಿಲ್ಲ. ಹನ್ನೊಂದು ವರ್ಷ ದಿನವೂ ಎಂಬಂತೆ ನೋಡಿದ ಆ ಚಿತ್ರದಲ್ಲಿ ಒಬ್ಬಳು ಹೆಣ್ಣುಮಗಳು ಕೂತಿದ್ದಳು, ಜನ ನಗುವುದನ್ನು ನೋಡಿದ್ದಳು, ಅವಳನ್ನು ಇವನು ಒಂದು ಸಲವೂ ಕಂಡಿರಲಿಲ್ಲ. ತಪ್ಪಾತವ್ವಾ, ಎಂದ. ದನಿ ಎಷ್ಟು ಹೊರಬಂತೋ ಅವನಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ರಾಜೇಶ್ವರಿ ಎದ್ದು ನಿಂತಿದ್ದಳು.

‘ನನಗ ಹೇಳಿದ್ರ ಅರ್ಧ ಆತ್ರಿ,’ ಎಂದಳು ಮುತ್ತವ್ವ. ‘ಅಪ್ಪ ಇದ್ದಾನ. ಮೊಣಕಾಲು ಹಿಡದಾವು, ಎಲ್ಲೂ ಹೋಗೂದಿಲ್ಲ. ಬೆಟಗೇರಿಗೆ ಬರ್ರಿ. ಅವಗ ನೀವಽ ಹೇಳ್ರಿ.’ ಹೊರಟವಳು ನಿಂತು, ಬೇರೆ ದನಿಯಲ್ಲಿ, ಜಾಗ ಬದಲಿ ಮಾಡಿಸಿದ್ದು ಒಳ್ಳೆಯದಾಯಿತು, ಗಂಟಲು ಹರಿದುಹೋಗುತ್ತಿತ್ತು ಎಂದಳು. ನಗಲಿಲ್ಲ. ಆದರೆ ಮುಖ ಬಿಗಿದೂ ಇರಲಿಲ್ಲ. ಹೋದಳು. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ ಎಂಬುದು ಚನ್ನಯ್ಯನಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅದು ಅವನಿಗೆ ಒಂದು ಬಗೆಯಲ್ಲಿ ನೆಮ್ಮದಿಯೇ ಆಯಿತು. ಏನೂ ಆಗಿಲ್ಲವೆಂದು ಅವಳು ಅನ್ನಲಿಲ್ಲವಲ್ಲ. ಆದದ್ದು ಆಗಿತ್ತು, ಹೋಗಿ ಹೇಳಲು ಒಂದು ಊರಿತ್ತು, ಆ ಊರಿನಲ್ಲಿ ಮೊಣಕಾಲು ಹಿಡಿದ ಮನುಷ್ಯನೊಬ್ಬ ಇದ್ದ.

ಎರಡು ಗಂಟೆಯ ಹುಬ್ಬಳ್ಳಿ ಬಸ್ಸಿನಲ್ಲಿ ಎಡಬದಿಗೆ ಇಬ್ಬರ ಸೀಟು ಸಿಕ್ಕಿತು. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಎಲ್ಲ ಬಸ್ಸಿನಲ್ಲೂ ಕಿಟಕಿ ರಾಜೇಶ್ವರಿಯದು. ಅದು ಮಾತಾಡಿ ಆದದ್ದಲ್ಲ, ಹಾಗೆ ನಡೆದುಬಂದದ್ದು. ಇವತ್ತು ಅವಳು ಸೀಟಿನ ಮುಂದೆ ನಿಂತು, ತನ್ನ ಎರಡೂ ಕೈಯನ್ನು ನೋಡಿಕೊಂಡು ಏನೋ ಲೆಕ್ಕಹಾಕಿ, ನೀವು ಒಳಗೆ ಹೋಗ್ರಿ ಎಂದಳು. ಅವನು ಕಿಟಕಿಗೆ ಸರಿದ. ಅವಳು ಬಂದು ಅವನ ಬಲಬದಿಗೆ ಕೂತಳು. ಅಂಕೋಲೆ ದಾಟಿತು, ಗದ್ದೆಗಳು ಮುಗಿದವು. ಅರಬೈಲ್ ಘಟ್ಟದ ಮೊದಲ ತಿರುವಿಗೆ ಮಾತು ಸುರುಮಾಡಿದಳು, ಎರಡು ವರ್ಷದ್ದೆಲ್ಲ ಸೇರಿಸಿ ಹೇಳುವವಳಂತೆ: ಹುಚ್ಚಪ್ಪನ ಬಗ್ಗೆ ಮೊದಲೇ ಹೇಳಬಾರದಾಗಿತ್ತೇ ಎಂದಳು, ಡಾಕ್ಟರ ಕಾಗದ ಎಲ್ಲಿದೆ ಎಂದಳು, ಸಾಲಿಯ ಹೊಸ ಹೆಡ್ ಮಾಸ್ತರರ ವಿಷಯ, ಅಡಿಗೆಮನೆಯ ನಲ್ಲಿ, ತಂಗಿಯ ಮಗಳಿಗೆ ನೋಡಿದ ವರ. ಬಸ್ಸು ಗೊರಗೊರ ಏರುತ್ತಿತ್ತು, ಕಾಡು ಕಿಟಕಿಗೆ ತಾಗುವಂತೆ ಬಂದು ಹೋಗುತ್ತಿತ್ತು. ಅವನು ಅವಳ ಕಡೆ ಬಾಗಿ ಕೂತಿದ್ದ.

‘ಈಗ ನಾ ಏನೇನ ಅಂದೆ, ಹೇಳ್ರಿ’ ಎಂದಳು ಯಲ್ಲಾಪುರ ಹತ್ತಿರ ಬಂದಾಗ.

ಅವನು ಪಾಠ ಒಪ್ಪಿಸಿದ. ‘ನಾಳೆ ಕಿವಿ ಡಾಕ್ಟರ್ ಕಡೆ ಹೋಗೂದು. ಗುರುವಾರ ನಿನಗ ಸೂಟಿ ಐತಿ, ಬೆಟಗೇರಿಗೆ ಹೋಗೂದು, ನೀನೂ ಬರ್ತಿ. ಬರಿಗೈಲೆ ಹೋಗೂದಲ್ಲ. ನಲ್ಲಿ ಸೋರಾಕತ್ತೈತಿ. ವರ ಕುಳ್ಳ ಇದ್ದಾನ.’

‘ಮತ್ತ?’

ಅವನು ಯೋಚಿಸಿದ. ‘ಮತ್ತೇನಿಲ್ಲ.’

‘ಒಂದು ಬಿಟ್ರಿ,’ ಎಂದಳು ರಾಜೇಶ್ವರಿ, ಇನ್ನಷ್ಟು ಹತ್ತಿರ ಸರಿದು. ‘ಇವತ್ತ ಛಲೋ ಆತು, ಅಂದಿದ್ದೆ.’